‘ಅವನ ಮೇಲೆ ಕೇಸ್ ಇದೆಯಂತೆ’: ಠಾಣೆಯ ಪುಸ್ತಕದಿಂದ ಕೋರ್ಟಿನ ಕಡತದವರೆಗೆ

ಹೆಣ್ಣು ಕೊಡುವ ಮಾತುಕತೆ ಮುಗಿಯುತ್ತಾ ಬಂದಿರುತ್ತದೆ. ಯಾರೋ ಒಬ್ಬರು ‘ಹುಡುಗನ ಮೇಲೆ ಕೇಸ್ ಇದೆಯಂತೆ’ ಎನ್ನುತ್ತಾರೆ. ಚುನಾವಣೆ ಬಂದಾಗ ಅಭ್ಯರ್ಥಿಯ ಬಗ್ಗೆಯೂ ಇದೇ ಮಾತು. ಟ್ರ್ಯಾಕ್ಟರಿಗೆ ಡ್ರೈವರ್ ಇಟ್ಟುಕೊಳ್ಳುವಾಗಲೂ ಇದೇ ಮಾತು. ಆ ‘ಅಂತೆ’ ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ?

ಈ ಪ್ರಶ್ನೆಯನ್ನು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಹುಡುಕಿದರೆ ಅಮೆರಿಕದ ಖಾಸಗಿ ಜಾಲತಾಣಗಳು ಬರುತ್ತವೆ. ಹೆಸರು ಕೊಡಿ, ಹಣ ಕಟ್ಟಿ, ಜಾತಕ ತೆಗೆದುಕೊಡುತ್ತೇವೆ ಎನ್ನುತ್ತವೆ. ನಮ್ಮ ದೇಶದ ವ್ಯವಸ್ಥೆ ಹಾಗಿಲ್ಲ. ನಮ್ಮಲ್ಲಿ ಒಂದು ಮೊಕದ್ದಮೆಯ ದಾಖಲೆ ಬಹುಮಟ್ಟಿಗೆ ತೆರೆದಿದೆ, ಒಬ್ಬ ಮನುಷ್ಯನ ಮೇಲೆ ಪೊಲೀಸರು ಇಟ್ಟ ದಾಖಲೆ ಮುಚ್ಚಿದೆ. ಈ ವ್ಯತ್ಯಾಸದ ಹಿಂದೆ ನೂರೈವತ್ತು ವರ್ಷಗಳ ಇತಿಹಾಸವಿದೆ. ಅದು ಗೊತ್ತಿದ್ದರೆ ಎಲ್ಲಿ ಹುಡುಕಬೇಕು, ಸಿಕ್ಕಿದ್ದನ್ನು ಎಷ್ಟು ನಂಬಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಹುಟ್ಟಿದ ತಪ್ಪಿಗೆ ಹೆಸರು ಬರೆದ ಕಾಲ

1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದಿತು. ಕೆಲವು ಸಮುದಾಯಗಳನ್ನು ಪೂರ್ತಿಯಾಗಿ ‘ಅಪರಾಧಿ ಬುಡಕಟ್ಟು’ ಎಂದು ಘೋಷಿಸುವ ಕಾಯ್ದೆ ಇದು. ಸದಸ್ಯರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಸಬೇಕು, ಊರು ಬಿಡಲು ಪಾಸ್ ಪಡೆಯಬೇಕು. ಅವರು ಕಳ್ಳತನ ಮಾಡಿದ್ದಾರೆಂದು ಯಾವ ಕೋರ್ಟಿನಲ್ಲೂ ಸಾಬೀತಾಗಬೇಕಿರಲಿಲ್ಲ. ಘೋಷಣೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತೆಯೂ ಇರಲಿಲ್ಲ. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಈ ಕಾಯ್ದೆ 1911ರಲ್ಲಿ ಬ್ರಿಟಿಷ್ ಇಂಡಿಯಾದ ಎಲ್ಲ ಕಡೆಗೂ ವಿಸ್ತರಿಸಿತು.

ನಮ್ಮ ಕಡೆ ಇದರ ಗುರುತು ಇಂದಿಗೂ ಇದೆ. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥ ಸಮುದಾಯಗಳನ್ನು ಒಂದೆಡೆ ಕೂಡಿಹಾಕಿದ ವಸತಿಗಳಿದ್ದವು. ಜನ ಇಂದಿಗೂ ಆ ಜಾಗಗಳನ್ನು ‘ಸೆಟ್ಲ್‌ಮೆಂಟ್’ ಎಂದೇ ಕರೆಯುತ್ತಾರೆ. ಅಲ್ಲಿ ಹಾಜರಿ ಕೊಡಬೇಕಿತ್ತು, ಹೊರಗೆ ಹೋಗಲು ಅನುಮತಿ ಬೇಕಿತ್ತು.

ಅದೇ ಕಾಲದಲ್ಲಿ ಇನ್ನೊಂದು ಬದಲಾವಣೆ ಆಯಿತು. 1897ರಲ್ಲಿ ಕೋಲ್ಕತ್ತದಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಎಡ್ವರ್ಡ್ ಹೆನ್ರಿ ಎಂಬ ಅಧಿಕಾರಿಯ ಹೆಸರಿನಲ್ಲಿ ಪ್ರಸಿದ್ಧವಾದ ವರ್ಗೀಕರಣ ಪದ್ಧತಿಗೆ ನಿಜವಾಗಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸ್ ಅಧಿಕಾರಿಗಳು. 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಕೂಡ ಇದೇ ಪದ್ಧತಿಯನ್ನು ಅಳವಡಿಸಿಕೊಂಡಿತು. ಹೆಸರು ಬದಲಿಸಿಕೊಂಡರೂ, ಊರು ಬಿಟ್ಟರೂ ಹಳೆಯ ಶಿಕ್ಷೆ ಬೆನ್ನು ಬಿಡದ ಕಾಲ ಅಲ್ಲಿಂದ ಆರಂಭವಾಯಿತು.

1952ರ ಆಗಸ್ಟ್ 31ರಂದು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ರದ್ದಾಯಿತು. ಆ ಸಮುದಾಯಗಳು ಇಂದಿಗೂ ಆ ದಿನವನ್ನು ವಿಮುಕ್ತ ದಿನವಾಗಿ ಆಚರಿಸುತ್ತವೆ. ಕಾಯ್ದೆ ಹೋದರೂ ಠಾಣೆಯಲ್ಲಿ ಹೆಸರು ಬರೆದಿಡುವ ರೂಢಿ ಹೋಗಲಿಲ್ಲ. ಹಿಸ್ಟರಿ ಶೀಟ್, ರೌಡಿ ಶೀಟ್ ಎಂಬ ಹೆಸರಿನಲ್ಲಿ ಅದು ಉಳಿಯಿತು.

ಆ ಪುಸ್ತಕ ಯಾಕೆ ಮುಚ್ಚಿದೆ?

ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು 1941ರಲ್ಲಿ ಡಕಾಯಿತಿ ಪ್ರಕರಣದಲ್ಲಿ ಹಿಡಿದಿದ್ದರು. ಸಾಕ್ಷ್ಯ ಇಲ್ಲವೆಂದು ಬಿಟ್ಟರು. ಆದರೂ ಅವರ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆದರು. ಪೊಲೀಸರು ರಾತ್ರಿ ಹೊತ್ತು ಮನೆಗೆ ಬಂದು ಬಾಗಿಲು ತಟ್ಟುತ್ತಿದ್ದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1962ರ ಡಿಸೆಂಬರಿನಲ್ಲಿ ಕೋರ್ಟು ರಾತ್ರಿ ಮನೆಗೆ ಬರುವ ನಿಯಮವನ್ನು ರದ್ದು ಮಾಡಿತು, ಉಳಿದ ಕಣ್ಗಾವಲನ್ನು ಉಳಿಸಿತು. ಖಾಸಗಿತನ ಎಂಬ ಹಕ್ಕು ಸಂವಿಧಾನದಲ್ಲಿ ಇಲ್ಲ ಎಂದೂ ಬಹುಮತದ ತೀರ್ಪು ಹೇಳಿತು.

ಆ ಮಾತು ಬೀಳಲು 55 ವರ್ಷ ಬೇಕಾಯಿತು. ಅದನ್ನು ಬೀಳಿಸಿದ ಅರ್ಜಿ ನಮ್ಮ ರಾಜ್ಯದವರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು.

ನಡುವೆ 1980ರಲ್ಲಿ ಪಂಜಾಬಿನ ಮಲಕ್ ಸಿಂಗ್ ಪ್ರಕರಣದಲ್ಲಿ ಪೊಲೀಸರ ಕಣ್ಗಾವಲು ರಿಜಿಸ್ಟರ್ ಗೋಪ್ಯ ದಾಖಲೆ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಸಕಾರಣವಿಲ್ಲದೆ ಯಾರ ಹೆಸರನ್ನೂ ಅದರಲ್ಲಿ ಬರೆಯಬಾರದು ಎಂದೂ ಎಚ್ಚರಿಸಿತ್ತು. 2024ರ ಮೇ ತಿಂಗಳಲ್ಲಿ ದೆಹಲಿಯ ಒಂದು ಪ್ರಕರಣದಲ್ಲಿ ಇದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿತು. ಹಿಸ್ಟರಿ ಶೀಟ್ ಪೊಲೀಸರ ಆಂತರಿಕ ದಾಖಲೆ, ಅದನ್ನು ಸಾರ್ವಜನಿಕಗೊಳಿಸಬಾರದು. ಹಿಂದುಳಿದ ಮತ್ತು ಪರಿಶಿಷ್ಟ ಸಮುದಾಯಗಳ ಅಮಾಯಕರ ಹೆಸರು ಪೂರ್ವಗ್ರಹದಿಂದ ಇಂಥ ಪುಸ್ತಕ ಸೇರುತ್ತಿರುವುದರ ಬಗ್ಗೆ ಎಲ್ಲ ರಾಜ್ಯಗಳೂ ಗಮನ ಕೊಡಬೇಕು ಎಂದಿತು.

ಹೀಗಾಗಿ ‘ಠಾಣೆಗೆ ಹೋಗಿ ಅವನ ಶೀಟ್ ತೋರಿಸಿ ಎಂದು ಕೇಳೋಣ’ ಎಂಬುದು ಆಗದ ಮಾತು. ಅದು ಅನುಮಾನದ ಪುಸ್ತಕ, ತೀರ್ಪಿನ ಪುಸ್ತಕ ಅಲ್ಲ.

ಕೋರ್ಟಿನ ಬಾಗಿಲು ತೆರೆದ ಬಗೆ

ಕೋರ್ಟಿನ ಪದ್ಧತಿ ಇದಕ್ಕೆ ತಿರುಗುಮುರುಗು. ಅಪರಾಧದ ವಿಚಾರಣೆ ನಡೆಯುವ ಜಾಗ ಬಹಿರಂಗ ನ್ಯಾಯಾಲಯ, ಜಾಗ ಹಿಡಿದಷ್ಟು ಜನ ಒಳಗೆ ಬರಬಹುದು ಎಂದು 1898ರ ದಂಡ ಪ್ರಕ್ರಿಯಾ ಸಂಹಿತೆಯ 352ನೇ ಕಲಂ ಹೇಳಿತ್ತು. 1973ರ ಸಂಹಿತೆಯಲ್ಲಿ ಅದು 327ನೇ ಕಲಂ ಆಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ. ಅತ್ಯಾಚಾರದಂಥ ಪ್ರಕರಣಗಳ ವಿಚಾರಣೆ ಮಾತ್ರ ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತದೆ.

ನಕಲು ಪಡೆಯುವ ಹಕ್ಕೂ ಹಳೆಯದೇ. ನೋಡುವ ಹಕ್ಕಿರುವ ಸಾರ್ವಜನಿಕ ದಾಖಲೆಯ ದೃಢೀಕೃತ ನಕಲನ್ನು ಶುಲ್ಕ ಪಡೆದು ಕೊಡಬೇಕೆಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು. ಆದರೆ ಊರಿನ ರೈತ ತಾಲೂಕು ಕೋರ್ಟಿಗೆ ಹೋಗಿ, ಕೇಸ್ ನಂಬರ್ ಗೊತ್ತಿಲ್ಲದೆ, ನಕಲು ಶಾಖೆಯ ಮುಂದೆ ನಿಂತು ಅದನ್ನು ಪಡೆಯುವುದು ಸುಲಭವಿರಲಿಲ್ಲ. ಹಕ್ಕು ಕಾಗದದಲ್ಲಿತ್ತು, ದಾರಿ ವಕೀಲರ ಕೈಯಲ್ಲಿತ್ತು.

2000ದ ನಂತರ ಮೂರು ಬಾಗಿಲುಗಳು ಒಂದೊಂದಾಗಿ ತೆರೆದವು.

ಮೊದಲನೆಯದು ಅಭ್ಯರ್ಥಿಗಳದ್ದು. 2002ರ ಮೇ 2ರ ಮತ್ತು 2003ರ ಮಾರ್ಚ್ 13ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದಾಗಿ ವಿಧಾನಸಭೆ, ಲೋಕಸಭೆಗೆ ನಿಲ್ಲುವವರು ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ ಬರೆಯಲೇಬೇಕಾಯಿತು. ಅದೇ ನಮೂನೆ 26. 2018ರ ತೀರ್ಪಿನ ನಂತರ ಪತ್ರಿಕೆ ಮತ್ತು ಟಿವಿಗಳಲ್ಲೂ ಪ್ರಕಟಿಸಬೇಕಾಯಿತು.

ಎರಡನೆಯದು ಎಫ್‌ಐಆರ್. 2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟ್, ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಆದೇಶಿಸಿತು. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ.

ಮೂರನೆಯದು ಇ-ಕೋರ್ಟ್ಸ್. ತಾಲೂಕು ಕೋರ್ಟುಗಳಿಗೆ ಕಂಪ್ಯೂಟರ್ ತರುವ ಯೋಜನೆ 2007ರಲ್ಲಿ ಶುರುವಾಯಿತು. 2013ರಲ್ಲಿ ರಾಷ್ಟ್ರಮಟ್ಟದ ಜಾಲತಾಣ ಬಂತು. ಈಗ ಪ್ರತಿ ಮೊಕದ್ದಮೆಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇದೆ. ಜಿಲ್ಲೆ ಮತ್ತು ತಾಲೂಕು ಕೋರ್ಟಿನ ಕೇಸು ಯಾವ ಹಂತದಲ್ಲಿದೆ, ಮುಂದಿನ ವಾಯಿದೆ ಯಾವತ್ತು ಎಂಬುದನ್ನು ಹೊಲದ ಬದುವಿನಲ್ಲಿ ಕೂತೇ ನೋಡಬಹುದು. ಇದಕ್ಕೆ ಹಣ ಕಟ್ಟಬೇಕಿಲ್ಲ.

ಹುಡುಕುವ ದಾರಿ

1. ‘ಇ-ಕೋರ್ಟ್ಸ್ ಸರ್ವೀಸಸ್’ ಆ್ಯಪ್ ಅಥವಾ ಜಾಲತಾಣ ತೆರೆಯಿರಿ. ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ.

2. ಸಿಎನ್‌ಆರ್ ಅಥವಾ ಕೇಸ್ ನಂಬರ್ ಇದ್ದರೆ ನೇರವಾಗಿ ಹಾಕಿ. ಇಲ್ಲದಿದ್ದರೆ ಠಾಣೆಯ ಹೆಸರು, ಎಫ್‌ಐಆರ್ ನಂಬರ್, ವರ್ಷ ಹಾಕಿ. ಉತ್ತರ ಕರ್ನಾಟಕದ ಕಡೆ ಗುನ್ನೆ ನಂಬರ್ ಎನ್ನುವುದು ಇದನ್ನೇ.

3. ಯಾವ ನಂಬರೂ ಇಲ್ಲದಿದ್ದರೆ ಹೆಸರು ಮತ್ತು ವರ್ಷ ಹಾಕಿ ಹುಡುಕಬಹುದು. ಹೆಸರುಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿರುತ್ತವೆ. ಮಂಜುನಾಥ, ಬಸವರಾಜ ಎಂಬ ಹೆಸರನ್ನು ಒಬ್ಬೊಬ್ಬ ಗುಮಾಸ್ತರು ಒಂದೊಂದು ಥರ ಬರೆದಿರುತ್ತಾರೆ. ನಾಲ್ಕೈದು ರೀತಿ ಬರೆದು ನೋಡಿ. ಬಾಕಿ ಇರುವ ಕೇಸು, ಮುಗಿದ ಕೇಸು ಎರಡನ್ನೂ ನೋಡಿ.

4. ಒಂದು ಸಲಕ್ಕೆ ಒಂದು ಕೋರ್ಟ್ ಸಂಕೀರ್ಣದ ಪಟ್ಟಿ ಮಾತ್ರ ಬರುತ್ತದೆ. ಆ ವ್ಯಕ್ತಿ ಬೇರೆ ತಾಲೂಕಿನಲ್ಲೂ ಇದ್ದಿದ್ದರೆ ಅಲ್ಲಿಯೂ ಹುಡುಕಬೇಕು.

5. ಎಫ್‌ಐಆರ್ ಪ್ರತಿ ಬೇಕಾದರೆ ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದಲ್ಲಿ ನೋಡಿ.

6. ಗಟ್ಟಿ ದಾಖಲೆ ಬೇಕಾದರೆ ಕೋರ್ಟಿನಲ್ಲೇ ನಕಲು ಅರ್ಜಿ ಹಾಕಬೇಕು. ಕೇಸಿಗೆ ಸಂಬಂಧವಿಲ್ಲದವರು ಯಾಕೆ ಬೇಕೆಂದು ಕಾರಣ ಬರೆಯಬೇಕು, ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟಿದ್ದು. ಇದಕ್ಕೆ ಮಾಹಿತಿ ಹಕ್ಕು ಅರ್ಜಿ ನಡೆಯುವುದಿಲ್ಲ, ಕೋರ್ಟಿನ ನಿಯಮದ ದಾರಿಯೇ ಆಗಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

7. ಕೆಲಸಕ್ಕೆ ಜನ ಇಟ್ಟುಕೊಳ್ಳುವವರಿಗೆ ಒಳ್ಳೆಯ ದಾರಿ ಬೇರೆ ಇದೆ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಆ ವ್ಯಕ್ತಿಯೇ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಕದ್ದು ನೋಡುವುದಕ್ಕಿಂತ ಕೇಳಿ ಪಡೆಯುವುದು ಇಬ್ಬರಿಗೂ ಮರ್ಯಾದೆ.

ಸಿಕ್ಕಿದ್ದನ್ನು ಓದುವ ರೀತಿ

ಹುಡುಕುವುದಕ್ಕಿಂತ ಓದುವುದು ಕಷ್ಟ. ಎಫ್‌ಐಆರ್ ಎಂದರೆ ಒಬ್ಬರು ಕೊಟ್ಟ ದೂರು ಅಷ್ಟೇ. ತನಿಖೆ ಮಾಡಿ ಪೊಲೀಸರು ‘ಬಿ ರಿಪೋರ್ಟ್’ ಹಾಕಿದರೆ ದೂರು ಸುಳ್ಳು ಅಥವಾ ಸಾಕ್ಷ್ಯ ಇಲ್ಲ ಎಂದರ್ಥ. ಆದರೆ ಎಫ್‌ಐಆರ್ ಜಾಲತಾಣದಲ್ಲಿ ಹಾಗೇ ಉಳಿದಿರಬಹುದು. ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದ್ದರೂ ಅದು ಪೊಲೀಸರ ಆರೋಪವೇ. ತೀರ್ಪು ಬಂದು, ಶಿಕ್ಷೆಯಾದ ಮೇಲೆಯೇ ಅಪರಾಧಿ. ಆಮೇಲೂ ಮೇಲ್ಮನವಿ ಇರುತ್ತದೆ, ಹೈಕೋರ್ಟಿನ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳ ಪಟ್ಟಿಯನ್ನೂ ನೋಡಬೇಕು.

ಕೇಸಿನ ಮುಂದಿನ ಅಕ್ಷರಗಳನ್ನೂ ಗಮನಿಸಿ. ‘ಸಿಸಿ’ ಎಂದರೆ ಮ್ಯಾಜಿಸ್ಟ್ರೇಟ್ ಮುಂದಿನ ಕ್ರಿಮಿನಲ್ ಕೇಸು. ಕೊಲೆಯಂಥ ಗಂಭೀರ ಪ್ರಕರಣಗಳು ‘ಎಸ್‌ಸಿ’ ಅಂದರೆ ಸೆಷನ್ಸ್ ಕೇಸು. ‘ಓಎಸ್’ ಎಂದಿದ್ದರೆ ಅದು ಜಮೀನು, ಪಾಲುಪಟ್ಟಿಯಂಥ ಸಿವಿಲ್ ದಾವೆ, ಅಪರಾಧಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಂದೇ ಹೆಸರಿನವರು ಪ್ರತಿ ಊರಲ್ಲೂ ಇರುತ್ತಾರೆ. ತಂದೆಯ ಹೆಸರು, ಊರು, ವಯಸ್ಸು ಹೊಂದದೆ ಯಾರನ್ನೂ ಗುರುತಿಸಬೇಡಿ. ಏನೂ ಸಿಗದಿದ್ದರೆ ಕೇಸೇ ಇಲ್ಲ ಎಂದೂ ಅಲ್ಲ. ಕಂಪ್ಯೂಟರ್ ಬರುವ ಮೊದಲಿನ ಎಷ್ಟೋ ಕಡತಗಳು ಜಾಲತಾಣದಲ್ಲಿಲ್ಲ, ಅವಧಿ ಮುಗಿದ ಕಡತಗಳನ್ನು ನಿಯಮದಂತೆ ನಾಶ ಮಾಡುತ್ತಾರೆ.

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಕಟ್ಟುನಿಟ್ಟು. 2015ರ ಬಾಲನ್ಯಾಯ ಕಾಯ್ದೆಯಡಿ ಅವರ ಗುರುತು ಬಯಲು ಮಾಡುವುದೇ ಅಪರಾಧ. ಅತ್ಯಾಚಾರಕ್ಕೆ ಒಳಗಾದವರ ಹೆಸರಿಗೂ ಇದೇ ರಕ್ಷಣೆ ಇದೆ. ಯಾರದೋ ಎಫ್‌ಐಆರ್ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನೋಡಿ ಇವನು ಕಳ್ಳ’ ಎಂದು ಬರೆದರೆ ನಿಮ್ಮ ಮೇಲೆಯೇ ಮಾನನಷ್ಟದ ಕೇಸು ಬೀಳಬಹುದು.

ಇದು ಬರೀ ಕಾನೂನಿನ ಮಾತಲ್ಲ. ತೀರ್ಪಿಲ್ಲದೆ ಹೆಸರು ಬರೆದಿಟ್ಟು, ಅದನ್ನೇ ಹಣೆಬರಹ ಮಾಡಿದ ಕೆಲಸವನ್ನು 1871ರ ಕಾಯ್ದೆ ಮಾಡಿತ್ತು. ಸೆಟ್ಲ್‌ಮೆಂಟಿನ ತಂತಿಬೇಲಿ ಹೋಗಿ ಎಷ್ಟೋ ವರ್ಷವಾಯಿತು. ಸ್ಕ್ರೀನ್‌ಶಾಟ್ ಕಳಿಸುವ ನಮ್ಮ ಬೆರಳಿನಿಂದ ಅದು ಮತ್ತೆ ಏಳಬಾರದು ಎಂಬುದು ನಮ್ಮ ಕಳಕಳಿ.

ಕೊನೆಗೆ, ಹಿಂದೆ ಕೇಸ್ ಬಿದ್ದು ಖುಲಾಸೆಯಾದವರಿಗೆ ಒಂದು ಮಾತು. ತೀರ್ಪಿನ ದೃಢೀಕೃತ ನಕಲನ್ನು ತೆಗೆಸಿ, ಪಹಣಿ, ಪಾಸ್‌ಬುಕ್ ಇಡುವ ಜಾಗದಲ್ಲೇ ಜೋಪಾನವಾಗಿಡಿ. ಯಾರಾದರೂ ‘ಕೇಸ್ ಇದೆಯಂತೆ’ ಎಂದಾಗ ಆ ಕಾಗದವನ್ನೇ ಮುಂದಿಡಿ.