ವಿಜ್ಞಾನ ಶಿಕ್ಷಣದಲ್ಲಿ ಸಮಾನತೆ: ಶರತ್ತುಗಳಿಲ್ಲದ ಪ್ರವೇಶ

ಅಲ್ಲಮಪ್ರಭುಗಳ ಅಧ್ಯಕ್ಷತೆಯ ಅನುಭವ ಮಂಟಪದಲ್ಲಿ ಅಕ್ಕಮಹಾದೇವಿ, ಡೋಹರ ಕಕ್ಕಯ್ಯ ಮೊದಲಾದ ಶರಣರು ಕುಲಭೇದ, ಹೆಣ್ಣು-ಗಂಡೆಂಬ ಭೇದವಿಲ್ಲದೆ ಒಂದೆಡೆ ಕುಳಿತು ಚಿಂತನೆ ನಡೆಸಿದರೆಂಬುದು ನಮ್ಮ ಪರಂಪರೆಯ ಹಿರಿಮೆ. ಆಧುನಿಕ ವಿಜ್ಞಾನದ ಶಿಕ್ಷಣದಲ್ಲಿ ಇಂತಹ ಸಮಾನತೆ ಸುಲಭವಾಗಿ ದೊರೆತುದಲ್ಲ. ಬೆಂಗಳೂರಿನ ಇತಿಹಾಸವೇ ಇದಕ್ಕೆ ಸಾಕ್ಷಿ.

ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ವಿದ್ಯಾರ್ಥಿನಿಯರು

1933ರಲ್ಲಿ ಮುಂಬಯಿಯ ವಿಜ್ಞಾನ ಪದವೀಧರೆ ಕಮಲಾ ಭಾಗವತ್ (ಮುಂದೆ ಕಮಲಾ ಸೋಹೋನಿ) ಈ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾದ ಸರ್ ಸಿ. ವಿ. ರಾಮನ್ ಅವರು ನಿರಾಕರಿಸಿದರು. ಕಮಲಾ ಅವರು ಸತ್ಯಾಗ್ರಹದ ಮಾತೆತ್ತಿ ಪಟ್ಟುಹಿಡಿದ ಮೇಲೆ ಶರತ್ತಿನ ಪ್ರವೇಶ ದೊರೆಯಿತು. ಮೊದಲ ವರ್ಷ ಪೂರ್ಣ ಮಾನ್ಯತೆಯಿಲ್ಲ. ಮಾರ್ಗದರ್ಶಕರು ಹೇಳಿದಾಗ ರಾತ್ರಿಯೂ ಕೆಲಸ ಮಾಡಬೇಕು. ಅವರ ಇರವಿನಿಂದ ಪುರುಷ ಸಂಶೋಧಕರ ಗಮನ ಕೆಡಬಾರದು. ಅವರು 1936ರಲ್ಲಿ ಎಂ.ಎಸ್ಸಿ., 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು.

ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳ ಬಗ್ಗೆ ಸಂಶೋಧನೆ ನಡೆಸಿದ ಅಣ್ಣಾ ಮಣಿ ಅವರಿಗೆ, ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ದೊರೆಯಲಿಲ್ಲ. ಮೈಸೂರು ಸಂಸ್ಥಾನದವರೇ ಆದ ರಾಜೇಶ್ವರಿ ಚಟರ್ಜಿ ಅವರು 1943ರಲ್ಲಿ ಸಂಸ್ಥೆ ಸೇರಿ, ಅಮೆರಿಕದಲ್ಲಿ ಪಿಎಚ್.ಡಿ. ಪಡೆದು ಬಂದು, ಅಲ್ಲಿಯೇ ಪ್ರಾಧ್ಯಾಪಕರಾದರು.

ಜಾತಿ, ಬಡತನ ಮತ್ತು ಭಾಷೆ

ಕಮಲಾ ಅವರ ತಂದೆಯವರೂ ರಸಾಯನವಿಜ್ಞಾನಿಗಳೇ. ಮನೆಯಲ್ಲಿ ಅಂತಹ ಬೆಂಬಲವಿಲ್ಲದ ಮಕ್ಕಳ ಹಾದಿ ಇನ್ನೂ ಕಠಿಣ. ಭಾರತದ ಮೊದಲ ಉಪಗ್ರಹ 'ಆರ್ಯಭಟ' ಸಿದ್ಧವಾದದ್ದು ಪೀಣ್ಯದ ಶೆಡ್ಡುಗಳಲ್ಲಿ. ಅದೇ ಪೀಣ್ಯದ ಕಾರ್ಖಾನೆಗಳಲ್ಲಿ, ವೈಟ್‌ಫೀಲ್ಡ್‌ನ ಕಟ್ಟಡ ಕಾಮಗಾರಿಗಳಲ್ಲಿ ದುಡಿಯುವವರ ಮಕ್ಕಳಿಗೆ ಪ್ರಯೋಗಾಲಯ ಇಂದಿಗೂ ದೂರವೇ. ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಪಿಯುಸಿಯ ಇಂಗ್ಲಿಷ್ ಪಠ್ಯ ಮತ್ತೊಂದು ತಡೆ.

ತೆರೆದಿರುವ ದಾರಿಗಳು

* ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಮಕ್ಕಳಿಗೆ ಆರನೆಯ ತರಗತಿಯಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ.
* ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲಿಯೂ ಬರೆಯಬಹುದು.
* ಐಐಟಿಗಳಲ್ಲಿ 2018ರಿಂದ ವಿದ್ಯಾರ್ಥಿನಿಯರಿಗೆ ಹೆಚ್ಚುವರಿ ಸೀಟುಗಳಿವೆ.

ಭಕ್ತರಲ್ಲಿ ನಮ್ಮ ವಿನಂತಿ

ಸಿದ್ಧಗಂಗೆಯ ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಜಾತಿ-ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದರು. ಇಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ಉದ್ಯೋಗದಲ್ಲಿರುವ ಭಕ್ತರು ಸಮೀಪದ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೊಂದು ದಿನ ಗಣಿತ-ವಿಜ್ಞಾನಗಳನ್ನು ಕನ್ನಡದಲ್ಲಿ ಹೇಳಿಕೊಟ್ಟು, ಮುಂದೆ ಬೇಕಾಗುವ ಇಂಗ್ಲಿಷ್ ಪದಗಳನ್ನೂ ಪರಿಚಯಿಸಬೇಕು. ವಿದ್ಯಾರ್ಥಿವೇತನದ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರಗಳಿಗೆ ಪಾಲಕರಿಗೆ ನೆರವಾಗಬೇಕು. ಇದೂ ದಾಸೋಹವೇ.

ಇನ್ನೊಂದು ಮಾತು. "ವಿಜ್ಞಾನ ಬೇಡ, ಪ್ರಾಕ್ಟಿಕಲ್ ಮುಗಿಯುವಾಗ ಸಂಜೆಯಾಗುತ್ತದೆ, ಮನೆಯ ಹತ್ತಿರದ ಕಾಲೇಜಿಗೇ ಹೋಗಲಿ" ಎಂದು ಹೆಣ್ಣುಮಕ್ಕಳಿಗೆ ಹೇಳುವುದನ್ನು ನಾವು ಭಕ್ತರ ಮನೆಗಳಲ್ಲಿಯೂ ಕೇಳುತ್ತೇವೆ. ಅಂದು ಶರತ್ತು ವಿಧಿಸಿದ್ದು ಸಂಸ್ಥೆ. ಇಂದು ವಿಧಿಸುತ್ತಿರುವುದು ನಮ್ಮ ಮನೆಗಳು. ಮಗಳ ಸುರಕ್ಷತೆಯ ಚಿಂತೆ ಸಹಜವಾದುದೇ. ಅದಕ್ಕೆ ಉತ್ತರವಾಗಬೇಕಾದದ್ದು ಜೊತೆಗೆ ಹೋಗಿಬರುವ ಏರ್ಪಾಡು, ವಿದ್ಯಾರ್ಥಿನಿ ನಿಲಯ, ಓದನ್ನು ಬಿಡಿಸುವುದಲ್ಲ. ಮಗಳು ಯಾವ ವಿಷಯ ಓದಬೇಕೆಂಬುದನ್ನು ಅವಳನ್ನೇ ಕೇಳಿ ನಿರ್ಧರಿಸಬೇಕೆಂದು ಪಾಲಕರಲ್ಲಿ ವಿನಂತಿಸುತ್ತೇವೆ.