ಡಬ್ಬಿ, ಬಾಣ, ಸಿಕ್ಕುಗೆರೆ

ಎಡಗಡೆ ಬೆಕ್ಕಿನ ಕೈಗೆ ಸಿಕ್ಕ ನೂಲಿನುಂಡೆಯಂಥ ಗೋಜಲು. ಬಲಕ್ಕೆ ಬರುತ್ತ ಬರುತ್ತ ಸುತ್ತುಗಳು ಸಡಿಲಾಗಿ, ಕೊನೆಗೆ ಉಳಿಯುವುದು ಒಂದೇ ನೇರ ಗೆರೆ. ವಿನ್ಯಾಸದ ಕೆಲಸ ಹೇಗೆ ಸಾಗುತ್ತದೆಂದು ಗಿರಾಕಿಗಳಿಗೆ ತಿಳಿಸಿಹೇಳಲು ಡೇಮಿಯನ್ ನ್ಯೂಮನ್ ಗೀಚಿದ ಈ ಚಿತ್ರವನ್ನು ನೋಡದ ವಿನ್ಯಾಸಕಾರರು ಇಂದು ಕಡಿಮೆ. ಇಷ್ಟು ಸರಳವಾದ ಗೀಚಿಗೆ ತಲುಪಲು ಈ ಕ್ಷೇತ್ರಕ್ಕೆ ಹಲವು ದಶಕಗಳೇ ಹಿಡಿದವು.

ಮೊದಲ ಚಿತ್ರಗಳಲ್ಲಿ ಸಿಕ್ಕಿಗೆ ಅಷ್ಟಾಗಿ ಜಾಗವಿರಲಿಲ್ಲ. 1962ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ವಿನ್ಯಾಸ ವಿಧಾನಗಳ ಸಮ್ಮೇಳನ ನಡೆದ ಕಾಲದಲ್ಲಿ, ಸೃಜನಶೀಲತೆಯನ್ನೂ ಹಂತಹಂತವಾಗಿ ಬಿಡಿಸಿಡಬಹುದೆಂಬ ಭರವಸೆ ಬಲವಾಗಿತ್ತು. ಬ್ರೂಸ್ ಆರ್ಚರ್ ಕೆಲಸವನ್ನು ಡಬ್ಬಿಗಳಲ್ಲಿಟ್ಟು ಬಾಣಗಳಿಂದ ಜೋಡಿಸಿದರು. ಅವರ ಪರಿಶೀಲನಾ ಪಟ್ಟಿ 229 ಅಂಶಗಳವರೆಗೆ ಬೆಳೆಯಿತು.

ಕ್ರಿಸ್ಟೋಫರ್ ಅಲೆಕ್ಸಾಂಡರ್ ಇನ್ನೂ ಮುಂದೆ ಹೋದರು. ಗುಜರಾತಿನ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ಅವರು, 1964ರ ತಮ್ಮ ಪುಸ್ತಕದಲ್ಲಿ ಭಾರತದ ಹಳ್ಳಿಯೊಂದರ 141 ಅಗತ್ಯಗಳನ್ನು ಪಟ್ಟಿಮಾಡಿದರು. ಶವಸಂಸ್ಕಾರ, ದನಕರು, ನೀರಾವರಿ ಎಲ್ಲವೂ ಅದರಲ್ಲಿದ್ದವು. ಯಾವುದು ಯಾವುದಕ್ಕೆ ತಗಲುತ್ತದೆಂದು ನೋಡಿ 12 ಗುಂಪು ಮಾಡಿ, ಗುಂಪಿಗೊಂದು ಚಿತ್ರ ಬರೆದು, ಅವನ್ನೆಲ್ಲ ಕೂಡಿಸಿ ಇಡೀ ಹಳ್ಳಿಯ ರೂಪ ಕಟ್ಟಿದರು. ಅದೇ ಪುಸ್ತಕದ 1971ರ ಮುನ್ನುಡಿಯಲ್ಲಿ ಅವರೇ ವಿಧಾನಗಳ ಅಧ್ಯಯನವನ್ನು ಕೈಬಿಟ್ಟರು. ಚಿತ್ರಗಳನ್ನು ಮಾತ್ರ ಬಿಡಲಿಲ್ಲ. ಪುಸ್ತಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅವೇ ಎಂದರು.

ಈ ಸಾಲಿನಲ್ಲಿ ಅತ್ಯಂತ ಮಾನವೀಯವಾದದ್ದು ಚಾರ್ಲ್ಸ್ ಈಮ್ಸ್ 1969ರಲ್ಲಿ ಪ್ಯಾರಿಸ್ಸಿನ ಪ್ರದರ್ಶನವೊಂದಕ್ಕೆ ಬರೆದ ಚಿತ್ರ. ಅದರಲ್ಲಿ ಹಂತಗಳಿಲ್ಲ, ಬಾಣಗಳಿಲ್ಲ. ಕೈಬರಹದ ಅಂಕುಡೊಂಕು ಗೆರೆಗಳು ಮೂರು ಆವರಣಗಳನ್ನು ಸುತ್ತುತ್ತವೆ: ವಿನ್ಯಾಸಕಾರನ ಆಸಕ್ತಿ, ಗಿರಾಕಿಯ ಆಸಕ್ತಿ, ಸಮಾಜದ ಕಾಳಜಿ. ಮೂರೂ ಒಂದರ ಮೇಲೊಂದು ಬರುವ ಪುಟ್ಟ ಜಾಗದಲ್ಲಿ ಮನಸಾರೆ ಕೆಲಸ ಮಾಡಬಹುದು ಎಂಬುದು ಅವರ ನಂಬಿಕೆ. ಈ ಆವರಣಗಳು ನಿಂತಲ್ಲೇ ನಿಲ್ಲುವುದಿಲ್ಲ, ಬೆಳೆಯುತ್ತವೆ ಎಂದೂ ಕೆಳಗೆ ಬರೆದರು. ‘ಮೊದಲು ಏನು, ಆಮೇಲೆ ಏನು’ ಎಂದು ಕೇಳುತ್ತಿದ್ದ ಕ್ಷೇತ್ರಕ್ಕೆ ‘ಯಾರಿಗಾಗಿ’ ಎಂದು ನೆನಪಿಸಿದ ಚಿತ್ರ ಅದು. ಲೋಟಾದ ರೂಪವನ್ನು ಮನತುಂಬಿ ಮೆಚ್ಚಿ 1958ರಲ್ಲಿ ಭಾರತದ ವಿನ್ಯಾಸ ಕುರಿತ ಇಂಡಿಯಾ ರಿಪೋರ್ಟ್ ಬರೆದ ಕೈಯೇ ಇದನ್ನೂ ಬರೆದದ್ದು.

ಚಿತ್ರ ನೆನಪಿನಲ್ಲುಳಿದು ಮಾತು ಮರೆತುಹೋದರೆ ಏನಾಗುತ್ತದೆ? ಸಾಫ್ಟ್‌ವೇರ್ ಲೋಕ ಅದನ್ನು ಚೆನ್ನಾಗಿ ಕಂಡಿದೆ. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಕ್ಷೆ ಬರೆದು, ಅದನ್ನು ಹಾಗೆಯೇ ಪಾಲಿಸಿದರೆ ಸೋಲು ಕಾದಿದೆ ಎಂದು ಎಚ್ಚರಿಸಿದರು. ಮುಂದಿನ ಪುಟಗಳ ನಕ್ಷೆಗಳಲ್ಲಿ ಹಿಂದಕ್ಕೆ ಮರಳುವ ಬಾಣಗಳನ್ನೂ ಹಾಕಿದರು. ಆದರೂ ‘ವಾಟರ್‌ಫಾಲ್’ ಎಂಬ ಹೆಸರು ಹೊತ್ತು ಕಚೇರಿಯಿಂದ ಕಚೇರಿಗೆ ಹಬ್ಬಿದ್ದು ಆ ಮೊದಲ ನಕ್ಷೆಯೇ.

2004ರಲ್ಲಿ ಹ್ಯೂ ಡಬರ್ಲಿ ಇಂಥ ಮಾದರಿಗಳನ್ನು ಒಂದೆಡೆ ತಂದಾಗ ಲೆಕ್ಕ ನೂರು ದಾಟಿತ್ತು. ಸರಿಸುಮಾರು ಅದೇ ಹೊತ್ತಿಗೆ ಬ್ರಿಟನ್ನಿನ ಡಿಸೈನ್ ಕೌನ್ಸಿಲ್ ‘ಡಬಲ್ ಡೈಮಂಡ್’ ಹೊರತಂದಿತು. ಅಕ್ಕಪಕ್ಕ ಎರಡು ವಜ್ರಾಕೃತಿ: ಹರಡಿಕೊಂಡು ಹುಡುಕು, ಆಯ್ದು ಕೂಡಿಸು, ಮತ್ತೆ ಹರಡು, ಮತ್ತೆ ಕೂಡಿಸು. ಎಡದಿಂದ ಬಲಕ್ಕೆ ಒಂದೇ ಓಟದಲ್ಲಿ ಮುಗಿಯುವ ಕೆಲಸವೆಂದು ಅದನ್ನು ಓದಿದವರೂ ಇದ್ದರು. 2019ರಲ್ಲಿ ಕೌನ್ಸಿಲ್ ಅದೇ ವಜ್ರಗಳನ್ನು ಹೊಸದಾಗಿ ಬರೆಯಿತು. ಈ ಸಲ ಅವುಗಳ ಜೊತೆಗೆ, ಹಿಂದಕ್ಕೆ ಮರಳುವ ಬಾಣಗಳಿದ್ದವು.