ಈಚಲ ಮರದ ಕೆಳಗೆ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದಂತೆ ಎಂಬ ಗಾದೆಯನ್ನು ನೀವು ಕೇಳಿಯೇ ಇರುತ್ತೀರಿ. ಕುಡಿದದ್ದು ಮಜ್ಜಿಗೆಯೇ ಆದರೂ ನೋಡಿದವರು ಹೆಂಡವೆಂದೇ ತಿಳಿಯುತ್ತಾರೆ. ಹೊರಕೆರೆದೇವಪುರದ ಸುತ್ತಿನ ನಮ್ಮ ಸೀಮೆಯವರಿಗೆ ಈ ಗಾದೆಯ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹಳ್ಳದ ದಂಡೆ, ಕೆರೆಯ ಹಿನ್ನೀರು, ಊರ ಹೊರಗಿನ ಬೀಳು, ಹೀಗೆ ಎಲ್ಲೆಲ್ಲಿ ತುಸು ತೇವ ಉಂಟೋ ಅಲ್ಲೆಲ್ಲ ಈಚಲು ತಾನಾಗಿಯೇ ಬೆಳೆಯುತ್ತದೆ. ಅದರ ಗರಿಯಿಂದ ಚಾಪೆಯಾಗುತ್ತದೆ, ಪೊರಕೆಯಾಗುತ್ತದೆ. ಅದರ ರಸ ಬೆಳಗಿನ ಹೊತ್ತು ಸಿಹಿಯಾದ ನೀರಾ. ಬಿಸಿಲೇರಿದಂತೆ ತಾನೇ ಹುಳಿತು ಹೆಂಡ. ಒಂದೇ ಮಡಕೆ, ಒಂದೇ ರಸ. ನಡುವೆ ಇರುವುದು ಕೆಲವು ಗಂಟೆಗಳ ಕಾಲ ಮಾತ್ರ.

ಮನುಷ್ಯನ ವಿಷಯವೂ ಹಾಗೆಯೇ ಅಲ್ಲವೆ? ಬೆಳಗ್ಗೆ ನಮ್ಮೊಡನೆ ನಗುನಗುತ್ತ ಕೆಲಸಕ್ಕೆ ಬಂದ ಸಹೋದ್ಯೋಗಿ ಮಧ್ಯಾಹ್ನದ ಹೊತ್ತಿಗೆ ಬೇರೆಯೇ ಮನುಷ್ಯನಾಗಿರುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಕಚೇರಿಯೇ ಆಗಲಿ, ಕಾರ್ಖಾನೆಯೇ ಆಗಲಿ, ಶಾಲೆಯೇ ಆಗಲಿ, ಅಂಥವನೊಬ್ಬನನ್ನು ಕಾಣದ ಕೆಲಸದ ಮನೆ ಅಪರೂಪ. ಅವನ ವಿಷಯದಲ್ಲಿ ಜೊತೆಗಾರರಾದ ನಾವು ಏನು ಮಾಡಬೇಕು? ಮೇಲಿನವರಿಗೆ ಹೇಳಿದರೆ ಚಾಡಿ, ಹೇಳದಿದ್ದರೆ ಪಾಪ. ಈ ಇಕ್ಕಟ್ಟು ಇಂದು ನೆನ್ನೆಯದಲ್ಲ. ಹಿಂದಿನವರು ಇದನ್ನು ಹೇಗೆ ಎದುರಿಸಿದರೆಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಅದಕ್ಕೆ ಮೊದಲು ನನ್ನದೇ ಒಂದು ಮಾತು. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಒಂದು ಪ್ರೌಢಶಾಲೆಯಲ್ಲಿ ಹೊಸದಾಗಿ ಕನ್ನಡ ಪಂಡಿತನಾಗಿ ಸೇರಿದ್ದೆ. ಅಲ್ಲಿನ ವಿಜ್ಞಾನದ ಮೇಷ್ಟ್ರು ನನಗಿಂತ ಹಿರಿಯರು, ಮಕ್ಕಳಿಗೆ ಅಚ್ಚುಮೆಚ್ಚಿನವರು. ನನಗೆ ಬಾಡಿಗೆಯ ಮನೆ ಹುಡುಕಿಕೊಟ್ಟವರೂ ಅವರೇ. ಮಧ್ಯಾಹ್ನದ ಪಾಠಕ್ಕೆ ಅವರು ಬರುವಾಗ ಬಾಯಲ್ಲಿ ಲವಂಗದ ವಾಸನೆ ಇರುತ್ತಿತ್ತು. ಲವಂಗ ಏನನ್ನು ಮುಚ್ಚುತ್ತಿದೆ ಎಂಬುದು ಶಿಕ್ಷಕರ ಕೊಠಡಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಹೇಳುವವರು ಯಾರೂ ಇಲ್ಲ. ಅವರ ಕೈ ನಡುಗುವ ದಿನ ನಾನೇ ಅವರ ತರಗತಿಗೆ ಹೋಗಿ ಪದ್ಯ ಓದಿಸುತ್ತಿದ್ದೆ. ಅದನ್ನು ನಾನು ಸ್ನೇಹವೆಂದು ತಿಳಿದಿದ್ದೆ. ಆ ಸ್ನೇಹ ಎಲ್ಲಿಗೆ ಮುಟ್ಟಿತೆಂಬುದನ್ನು ಕಡೆಯಲ್ಲಿ ಹೇಳುತ್ತೇನೆ.

ಈಗ ಹಳೆಯ ಕಾಲಕ್ಕೆ ಹೋಗೋಣ. ಕೌಟಿಲ್ಯನ ಅರ್ಥಶಾಸ್ತ್ರ ಎಂಬ ಗ್ರಂಥ ಶತಮಾನಗಳ ಕಾಲ ಕಣ್ಮರೆಯಾಗಿದ್ದು, ಮತ್ತೆ ಲೋಕಕ್ಕೆ ದೊರೆತದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಕಟ್ಟಿನಲ್ಲಿ ಅದನ್ನು ಗುರುತಿಸಿದ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿ, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪುಸ್ತಕವಾಗಿ ಹೊರತಂದರು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷ, ಎಂದರೆ ಮದ್ಯದ ಮೇಲ್ವಿಚಾರಕನ ಕರ್ತವ್ಯಗಳು ಹೇಳಲ್ಪಟ್ಟಿವೆ. ಮದ್ಯವನ್ನು ಊರ ಹೊರಗೆ ಒಯ್ಯಗೊಡಬಾರದು, ಒಂದರ ಪಕ್ಕದಲ್ಲಿ ಒಂದು ಅಂಗಡಿ ಇರಬಾರದು ಎಂದು ವಿಧಿಸಿ, ಅದಕ್ಕೆ ಶಾಸ್ತ್ರಕಾರನು ಕೊಡುವ ಕಾರಣಗಳಲ್ಲಿ ಮೊದಲನೆಯದು ಯಾವುದು ಗೊತ್ತೆ? ಕೆಲಸಕ್ಕೆ ನೇಮಿಸಲ್ಪಟ್ಟವರು ಕೆಲಸದಲ್ಲಿ ಎಚ್ಚರ ತಪ್ಪಿಯಾರು ಎಂಬ ಭಯ! ಮರ್ಯಾದಸ್ಥರು ಮರ್ಯಾದೆ ಮೀರಿಯಾರು, ದುಡುಕಿನವರು ದುಡುಕಿಯಾರು ಎಂಬ ಮಾತುಗಳು ಬರುವುದು ಅದರ ನಂತರ.

ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ವಿಧಿಯೂ ಉಂಟು. ಕೆಟ್ಟುಹೋದ ಮದ್ಯವನ್ನು ಏನು ಮಾಡಬೇಕು? ಬೇರೆ ಕಡೆ ಮಾರಿಸಬಹುದು; ಇಲ್ಲವೆ ದಾಸರಿಗೂ ಕೆಲಸದಾಳುಗಳಿಗೂ ಕೂಲಿಯಾಗಿ ಕೊಡಬಹುದು; ಅದೂ ಆಗದಿದ್ದರೆ ಎಳೆಯುವ ದನಗಳಿಗೆ ಕುಡಿಸಬಹುದು, ಹಂದಿಗೆ ಹಾಕಬಹುದು. ಕೆಲಸಗಾರನು ಕುಡಿದಾನೆಂದು ಅಂಜಿದ ಕೈಯೇ ಕೆಟ್ಟ ಹೆಂಡವನ್ನು ಅವನ ಕೂಲಿಯ ಲೆಕ್ಕಕ್ಕೆ ಬರೆಯಿತು. ಈ ಎರಡು ನಾಲಗೆಯನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದಿನ ಕಥೆಯಲ್ಲೆಲ್ಲ ಇದು ಮತ್ತೆ ಮತ್ತೆ ಕೇಳಿಬರುತ್ತದೆ.

ನಮ್ಮ ನಾಡಿನ ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವನೊಬ್ಬನಿದ್ದ. ಹೆಂಡ ಮಾರುವುದೇ ಅವನ ಕಾಯಕ. ಮಡಕೆ, ಹೆಂಡ, ಅಮಲು ಇವುಗಳನ್ನೇ ರೂಪಕವಾಗಿಟ್ಟುಕೊಂಡು ವಚನ ನುಡಿದ ಈತ, ಕುಡಿಯಬಂದವರಿಗೆ ಬುದ್ಧಿ ಹೇಳುತ್ತಿದ್ದನೆಂದು ಪ್ರತೀತಿ. ಈತನನ್ನು ಶರಣರು ಹೊರಗಿಡಲಿಲ್ಲ, ಜೊತೆಯಲ್ಲಿ ಕೂರಿಸಿಕೊಂಡರು. ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಆ ಕಾಲದವರಿಗೆ, ಕಾಯಕ ಮಾಡುವಾಗ ಎಚ್ಚರ ತಪ್ಪುವುದು ಬರಿಯ ಶಿಸ್ತಿನ ಮಾತಾಗಿರಲಾರದು. ಆದರೂ ಎಚ್ಚರ ತಪ್ಪಿದವನನ್ನು ಎಚ್ಚರಿಸಬೇಕೆಂಬುದೇ ಅವರ ದಾರಿ.

ಇನ್ನು ನಮ್ಮ ಜಿಲ್ಲೆಯ ಸಂಗತಿ. ಮೈಸೂರು ಸಂಸ್ಥಾನದಲ್ಲಿ ಈಚಲ ಮರ ಸರ್ಕಾರದ ಸೊತ್ತು. ಹೆಂಡದ ಬಾಬು ವರ್ಷವರ್ಷವೂ ಖಜಾನೆಗೆ ಹಣ ತರುತ್ತಿತ್ತು. ಆದುದರಿಂದ ಊರಿನವರು ತಮ್ಮ ಊರಿನ ಹೆಂಡದ ಕಾಟ ತಪ್ಪಲೆಂದು ಒಂದು ಈಚಲ ಮರವನ್ನು ಕಡಿದರೂ ಅದು ಅಪರಾಧವೇ. ಮಹಾತ್ಮ ಗಾಂಧಿಯವರ ಪಾನನಿರೋಧದ ಕರೆ ಹಳ್ಳಿ ಹಳ್ಳಿಗೂ ಮುಟ್ಟಿದ ಮೇಲೆ, 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಜನರು ಕೊಡಲಿ ಹಿಡಿದು ಈಚಲ ವನಕ್ಕೆ ನುಗ್ಗಿದರು. ಇದೇ ಪ್ರಸಿದ್ಧವಾದ ತುರುವನೂರಿನ ಅರಣ್ಯ ಸತ್ಯಾಗ್ರಹ. ಆಗ ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಅದರಲ್ಲಿ ಭಾಗವಹಿಸಿ ಸೆರೆಮನೆ ಸೇರಿದರು.

ಸ್ವಾತಂತ್ರ್ಯ ಬಂದಿತು. ಮದ್ಯಪಾನವನ್ನು ನಿಷೇಧಿಸಲು ರಾಜ್ಯವು ಪ್ರಯತ್ನಿಸಬೇಕೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 47ನೆಯ ಅನುಚ್ಛೇದ ಹೇಳಿತು. ಮೈಸೂರಿನಲ್ಲಿ ಪಾನನಿರೋಧ ಜಿಲ್ಲೆಯಿಂದ ಜಿಲ್ಲೆಗೆ ಹಂತಹಂತವಾಗಿ ಬಂದಿತು. 1961ರಲ್ಲಿ ಅದಕ್ಕೆಂದೇ ಒಂದು ಕಾಯಿದೆಯೂ ಆಯಿತು. ಆದರೆ ಕಳ್ಳಭಟ್ಟಿ ನಿಲ್ಲಲಿಲ್ಲ, ಖಜಾನೆಗೆ ಬರುವ ಹಣ ನಿಂತಿತು. 1967ರಲ್ಲಿ ಪಾನನಿರೋಧ ತೆಗೆದುಹಾಕಲ್ಪಟ್ಟಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಅದೇ ನಿಜಲಿಂಗಪ್ಪನವರು! ಇದನ್ನು ಅವರ ನಿಂದೆಗಾಗಿ ಹೇಳುತ್ತಿಲ್ಲ. ಮರ ಕಡಿದಷ್ಟು ಸುಲಭವಾಗಿ ಚಟವನ್ನು ಕಡಿಯಲಾಗದೆಂಬುದಕ್ಕೆ ಒಬ್ಬ ದೊಡ್ಡ ಮನುಷ್ಯರ ಬಾಳಿಗಿಂತ ಬೇರೆ ಸಾಕ್ಷಿ ಬೇಕೆ? ಮುಂದೆ 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕಿಂತ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ.

ನಾಡಿಗೆಲ್ಲ ಪಾನನಿರೋಧ ಬರಲಿ ಬಿಡಲಿ, ಕೆಲಸದ ಹೊತ್ತಿನಲ್ಲಿ ಕುಡಿಯಬಾರದೆಂಬ ಕಟ್ಟಳೆ ಮಾತ್ರ ಎಂದೂ ಸಡಿಲವಾಗಲಿಲ್ಲ. ನಮ್ಮ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ಬದಲಿಸಿದ ವಾಚಕರು ಹಲವರಿರಬಹುದು. ಅಲ್ಲಿ ಹಸಿರು ಬಾವುಟ ಬೀಸುವ ಒಂದು ಕೈಯನ್ನು ನಂಬಿ ನೂರಾರು ಜನ ಗಾಡಿಯಲ್ಲಿ ನಿದ್ದೆ ಹೋಗುತ್ತಾರೆ. 1890ರ ರೈಲ್ವೆ ಕಾಯಿದೆಯ 100ನೆಯ ಪ್ರಕರಣದಲ್ಲಿ, ಕೆಲಸದ ಮೇಲಿದ್ದಾಗ ಅಮಲೇರಿದ ನೌಕರನಿಗೆ 50 ರೂಪಾಯಿಯವರೆಗೆ ದಂಡ. ಅವನ ತಪ್ಪಿನಿಂದ ಜನರ ಪ್ರಾಣಕ್ಕೆ ಅಪಾಯ ಬರುವಂತಿದ್ದರೆ ಒಂದು ವರ್ಷದವರೆಗೆ ಸೆರೆ. 1989ರ ಹೊಸ ಕಾಯಿದೆಯ 172ನೆಯ ಪ್ರಕರಣದಲ್ಲಿ ದಂಡ 500 ರೂಪಾಯಿಗೆ ಏರಿತು. ಒಂದು ವರ್ಷದ ಸೆರೆ ಹಾಗೆಯೇ ಉಳಿಯಿತು. ವಾಹನ ನಡೆಸುವವನ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧವೆಂದು 1988ರ ಮೋಟಾರು ವಾಹನ ಕಾಯಿದೆ ಅಳತೆಯನ್ನೇ ಕಟ್ಟಿತು. ಕಾನೂನು ಇಲ್ಲಿ ಒಂದು ಸೂಕ್ಷ್ಮವನ್ನು ಕಂಡಿತು. ಕುಡಿದವನ ಅಮಲು ಬೇರೆ, ಅವನ ಕೈಯಲ್ಲಿರುವ ಇತರರ ಪ್ರಾಣ ಬೇರೆ. ಎರಡನೆಯದು ಬಂದಾಗ ದಯೆಗೆ ಜಾಗ ಕಡಿಮೆ.

ಹೊರದೇಶಗಳ ಕಥೆಯೂ ಇದೇ. ಇಂಗ್ಲೆಂಡಿನ ನೌಕಾಪಡೆಯವರು ತಮ್ಮ ನಾವಿಕರಿಗೆ ದಿನವೂ ರಮ್ ಹಂಚುತ್ತಿದ್ದರು. ಅಮಲು ಮಿತಿಮೀರಿದ್ದನ್ನು ಕಂಡು 1740ರಲ್ಲಿ ಅಡ್ಮಿರಲ್ ವರ್ನನ್ ಎಂಬಾತನು ಅದಕ್ಕೆ ನೀರು ಬೆರಸಿ ಕೊಡುವಂತೆ ಆಜ್ಞೆ ಮಾಡಿದ. ಆ ಹಂಚಿಕೆ ಪೂರ್ತಿ ನಿಂತದ್ದು 1970ರ ಜುಲೈ 31ರಂದು! ಅದೇ ದೇಶದಲ್ಲಿ ಕೂಲಿಕಾರರಿಗೆ ಹೆಂಡದಂಗಡಿಯಲ್ಲಿ ಕೂರಿಸಿ ಸಂಬಳ ಬಟವಾಡೆ ಮಾಡುವ ಪದ್ಧತಿಯಿತ್ತು; ಅದನ್ನು ನಿಷೇಧಿಸಲು 1883ರಲ್ಲಿ ಒಂದು ಕಾಯಿದೆಯೇ ಬೇಕಾಯಿತು. ಕೌಟಿಲ್ಯನ ಎರಡು ನಾಲಗೆ ಅಲ್ಲಿಯೂ ಇತ್ತೆಂದಾಯಿತು.

ಹೊಸದೊಂದು ದಾರಿ ಕಂಡದ್ದು 1935ರಲ್ಲಿ, ಅಮೆರಿಕದ ಆಕ್ರನ್ ಎಂಬ ಪಟ್ಟಣದಲ್ಲಿ. ಕುಡಿತದಿಂದ ಕೆಟ್ಟಿದ್ದ ಒಬ್ಬ ಷೇರು ದಲ್ಲಾಳಿಯೂ ಒಬ್ಬ ಶಸ್ತ್ರವೈದ್ಯನೂ ಅಲ್ಲಿ ಕಲೆತರು. ಒಬ್ಬನ ಕಷ್ಟವನ್ನು ಇನ್ನೊಬ್ಬನು ಕೇಳುವುದರಿಂದ ಇಬ್ಬರಿಗೂ ಕುಡಿಯದೆ ಇರಲು ಬಲ ಬರುವುದೆಂಬುದು ಅವರ ಅನುಭವ. ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವಾಗಿ ಬೆಳೆದು, ಭಾರತಕ್ಕೂ ಬಂದಿತು. ಕುಡಿತದ ಚಟ ಗುಣದ ಕೊರತೆ ಮಾತ್ರವಲ್ಲ, ಚಿಕಿತ್ಸೆ ಉಳ್ಳ ಒಂದು ರೋಗ ಎಂಬ ಮಾತನ್ನು ವೈದ್ಯಶಾಸ್ತ್ರವೂ ಒಪ್ಪಿದೆ.

ಈಗ ನನ್ನ ಕಥೆಯ ಉಳಿದ ಭಾಗ. ಒಂದು ಮಧ್ಯಾಹ್ನ ಪ್ರಯೋಗದ ಕೊಠಡಿಯಲ್ಲಿ ಮೇಷ್ಟ್ರ ಕೈ ನಡುಗಿ ಆಮ್ಲದ ಸೀಸೆ ಜಾರಿತು. ಮುಂದಿನ ಸಾಲಿನ ಹುಡುಗನೊಬ್ಬನ ಮುಂಗೈ ಸುಟ್ಟಿತು. ಕಣ್ಣಿಗೆ ಬೀಳಲಿಲ್ಲವೆಂಬುದೇ ಪುಣ್ಯ. ಹುಡುಗನನ್ನು ಆಸ್ಪತ್ರೆಗೆ ಸೇರಿಸಿ, ಸಂಜೆ ನಾನು ಮೇಷ್ಟ್ರ ಮನೆಗೆ ಹೋದೆ. ಅವರ ಮನೆಯಾಕೆ ಬಾಗಿಲಲ್ಲೇ ನಿಂತು, “ದಿನಾ ಜೊತೇಲೇ ಇದ್ದೆಯಲ್ಲಪ್ಪಾ, ನಿನಗೂ ಗೊತ್ತಿರಲಿಲ್ಲವಾ?” ಎಂದರು. “ಗೊತ್ತಿತ್ತು ಅಕ್ಕಾ” ಎಂದೆ. ಆಕೆ ಬೈಯಲಿಲ್ಲ. ಸೆರಗಿನಿಂದ ಮುಖ ಒರಸಿಕೊಂಡು ಒಳಗೆ ಹೋದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಾರನೆಯ ಬೆಳಗ್ಗೆ, ಅವರು ಇನ್ನೂ ಕುಡಿಯದೆ ಇದ್ದ ಹೊತ್ತಿನಲ್ಲಿ, ಮುಖ್ಯೋಪಾಧ್ಯಾಯರೂ ನಾನೂ ಹೋಗಿ ಎದುರಿಗೆ ಕುಳಿತೆವು. ಉಪದೇಶ ಮಾಡಲಿಲ್ಲ, ನಡೆದ ದಿನ, ನಡೆದ ಸಂಗತಿ, ಇಷ್ಟನ್ನೇ ಹೇಳಿದೆವು. ಚಿಕಿತ್ಸೆ ಆಗುವ ತನಕ ಪ್ರಯೋಗದ ಕೊಠಡಿಗೆ ಹೋಗುವಂತಿಲ್ಲ, ವರದಿಯನ್ನು ಮುಚ್ಚಿಡುವಂತಿಲ್ಲ, ಆದರೆ ಆಸ್ಪತ್ರೆಗೆ ನಾವೇ ಜೊತೆಯಲ್ಲಿ ಬರುತ್ತೇವೆ ಎಂದು ಮುಖ್ಯೋಪಾಧ್ಯಾಯರು ಸ್ಪಷ್ಟವಾಗಿ ತಿಳಿಸಿದರು. ಅವರಿಗೆ ಸಂಬಳದ ಬಡ್ತಿ ತಪ್ಪಿತು. ಕೆಲವು ತಿಂಗಳು ರಜೆಯಾಯಿತು. ಒಮ್ಮೆ ಮತ್ತೆ ಎಡವಿದರು, ಮತ್ತೆ ಎದ್ದರು. ಆಮೇಲೆ ಹಲವು ವರ್ಷ ಪಾಠ ಹೇಳಿ ಮರ್ಯಾದೆಯಿಂದ ನಿವೃತ್ತರಾದರು. ಆ ಹುಡುಗನ ಮುಂಗೈಯ ಕಲೆ ಮಾತ್ರ ಹೋಗಲಿಲ್ಲ. ಅದರಲ್ಲಿ ನನ್ನ ಪಾಲೂ ಉಂಟು.

ಇಷ್ಟು ಚರಿತ್ರೆಯಿಂದ ನನಗೆ ತೋರಿದ ಮಾತುಗಳು ಕೆಲವೇ. ಬರಿಯ ಶಂಕೆಯಿಂದ ಯಾರ ಮೇಲೂ ಕುಡುಕನೆಂಬ ಹೆಸರು ಹಚ್ಚಬೇಡಿ. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿಯುವವರೂ ಇರುತ್ತಾರೆ. ನಡುಗುವ ಕೈ, ತೊದಲುವ ನಾಲಗೆ ಬೇರೆ ಕಾಯಿಲೆಯಿಂದಲೂ ಬಂದೀತು. ಕಂಡದ್ದನ್ನು ಮಾತ್ರ ಹೇಳಿ, ಅವನು ಎಚ್ಚರವಾಗಿರುವಾಗ ಹೇಳಿ, ಹತ್ತು ಜನರ ಎದುರು ಹೇಳಬೇಡಿ. ಅವನ ಕೈಯಲ್ಲಿ ಯಂತ್ರವೋ ಗಾಡಿಯೋ ಮಕ್ಕಳೋ ಇದ್ದರೆ ಮಾತ್ರ ಒಂದು ಗಳಿಗೆಯೂ ತಡೆಯದೆ ಮೇಲಿನವರಿಗೆ ತಿಳಿಸಿ, ಅದು ಚಾಡಿಯಲ್ಲ. ಅವನ ಕೆಲಸವನ್ನು ನೀವು ಗುಟ್ಟಾಗಿ ಮಾಡಿಕೊಡಬೇಡಿ. ಹಾಗೆ ಮಾಡಿಕೊಟ್ಟ ಪ್ರತಿಯೊಂದು ದಿನವೂ ಅವನ ಚಟಕ್ಕೆ ನೀವು ಕೊಟ್ಟ ಒಂದು ದಿನದ ಕೂಲಿ. ನಾಳೆಯಿಂದಲೇ ಬಿಟ್ಟುಬಿಡು ಎಂದು ಆಣೆ ಹಾಕಿಸುವುದೂ ಬೇಡ. ಬಹುಕಾಲ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಸೆಳವು, ಭ್ರಮೆಗಳು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಸಲಹೆ ಕೇಳುವ ಅನುಕೂಲವನ್ನೂ ಸರ್ಕಾರ ಒದಗಿಸಿದೆ.

ಈಗಲೂ ನಮ್ಮೂರ ಲಕ್ಷ್ಮೀನರಸಿಂಹನ ಗುಡಿಗೆ ಹೋಗಿ ಬರುವಾಗ ದಾರಿಯ ಬದಿಯಲ್ಲಿ ಅಲ್ಲೊಂದು ಇಲ್ಲೊಂದು ಈಚಲ ಮರ ಕಾಣುತ್ತದೆ. ಮರದ ಮೇಲೆ ನನಗೆ ಕೋಪವಿಲ್ಲ. ಬೆಳಗಿನ ನೀರಾ ಮಧ್ಯಾಹ್ನಕ್ಕೆ ಹೆಂಡವಾಗುವುದು ಅದರ ಸ್ವಭಾವ. ಹುಳಿಯುವ ಮೊದಲೇ ನೋಡಿ ಮಾತನಾಡುವುದು ಪಕ್ಕದಲ್ಲಿರುವವರ ಕೆಲಸ. ನಿಮ್ಮ ಪಕ್ಕದಲ್ಲಿ ಅಂಥ ಜೊತೆಗಾರನೊಬ್ಬನಿದ್ದರೆ, ಅವನ ಮನೆಯಾಕೆ ಬಾಗಿಲಲ್ಲಿ ನಿಂತು ಕೇಳುವ ಮುಂಚೆ ನೀವೇ ಅವನನ್ನು ಒಂದು ಮಾತು ಕೇಳಿ.